ಕ್ರಾಸ್‌ಓವರ್ ಟ್ರಯಲ್: ಕೊಲೆಸ್ಟ್ರಾಲ್ ಇಳಿಸಿದ್ದು ಬಾದಾಮಿನೇ ಅಂತ ಹೇಳೋದು ಹೇಗೆ?

ನಮ್ಮ ಚಿಕ್ಕಪ್ಪ ಮೂರು ತಿಂಗಳು ದಿನಾ ಬೆಳಿಗ್ಗೆ ನೆನೆಸಿದ ಬಾದಾಮಿ ಹತ್ತು ತಿಂದು ಲಿಪಿಡ್ ಪ್ರೊಫೈಲ್ ಮಾಡಿಸಿದ್ರು. ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, 148 ಇದ್ದಿದ್ದು 139 ಬಂತು. ಅವತ್ತಿಂದ ಫ್ಯಾಮಿಲಿ ಗ್ರೂಪಲ್ಲಿ ಅವರದ್ದೇ ಹವಾ, ಯಾರ ಮನೆಗೆ ಹೋದ್ರೂ ಬಾದಾಮಿ ಪುರಾಣ. ನಾನು ಸುಮ್ನೆ ಇರ್ಬೇಕಿತ್ತು, ಇರ್ಲಿಲ್ಲ, "ಚಿಕ್ಕಪ್ಪ, ಅದು ಬಾದಾಮಿಯಿಂದಲೇ ಇಳಿದಿದ್ದು ಅಂತ ಹೇಗೆ ಹೇಳ್ತೀರ" ಅಂತ ಕೇಳ್ಬಿಟ್ಟೆ. "ಇನ್ಯಾತ್ರಿಂದ ಇಳಿಯುತ್ತೋ, ನಿನ್ನ ತಲೆಯಿಂದನಾ" ಅಂದ್ರು.

ಪ್ರಶ್ನೆ ಮಾತ್ರ ಸೀರಿಯಸ್ಸೇ. ಏನೂ ಬದಲಾಯಿಸದೆ ಇದ್ರೂ ಒಬ್ಬ ಮನುಷ್ಯನ ಕೊಲೆಸ್ಟ್ರಾಲ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ಐದಾರು ಪರ್ಸೆಂಟ್ ಮೇಲೆ ಕೆಳಗೆ ಆಡ್ತಾನೇ ಇರುತ್ತೆ, ಜೊತೆಗೆ ನಮ್ಮ ತುಂಬಾ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್‌ನ ನೇರವಾಗಿ ಅಳೆಯೋದೇ ಇಲ್ಲ, ಟೋಟಲ್ ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್) ಕಳೆದು ಆಮೇಲೆ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬಿನ ಐದನೇ ಒಂದು ಭಾಗ ಕಳೆದು ಲೆಕ್ಕ ಹಾಕಿ ಬರೀತಾರೆ, ಹಂಗಾಗಿ ಹಿಂದಿನ ರಾತ್ರಿ ಮದುವೆ ಊಟ ಮಾಡಿ ಬಂದು ರಕ್ತ ಕೊಟ್ರೆ ಅದೂ ಲೆಕ್ಕಕ್ಕೆ ಬಂದು ಸೇರ್ಕೊಳುತ್ತೆ. 148ರಲ್ಲಿ 9 ಅಂದ್ರೆ ಆರು ಪರ್ಸೆಂಟ್. ಬಾದಾಮಿ ಇಳಿಸಿರ್ಬಹುದು, ತಾನಾಗೇ ಇಳಿದಿರ್ಬಹುದು. ಬಾದಾಮಿ ತಿನ್ನದೆ ಇದ್ದಿದ್ರೆ ಅದೇ ಮೂರು ತಿಂಗಳಲ್ಲಿ ಚಿಕ್ಕಪ್ಪಂಗೆ ಏನಾಗ್ತಿತ್ತು ಅಂತ ಗೊತ್ತಾದ್ರೆ ತಾನೇ ಹೋಲಿಸೋಕಾಗೋದು? ಅದಕ್ಕೆ ಇನ್ನೊಬ್ಬ ಚಿಕ್ಕಪ್ಪ ಬೇಕು, ಅದೇ ವಯಸ್ಸು, ಅದೇ ಹೊಟ್ಟೆ, ಅದೇ ಲಿವರ್, ಅದೇ ಅಪ್ಪ ಅಮ್ಮ. ಎಲ್ಲಿ ಹುಡುಕೋದು?

ಹುಡುಕೋದು ಬೇಡ, ಚಿಕ್ಕಪ್ಪನೇ ಸಾಕು ಅನ್ನೋ ಉಪಾಯಕ್ಕೆ ಕ್ರಾಸ್‌ಓವರ್ ಟ್ರಯಲ್ ಅಂತ ಹೆಸರು.

ಮಾಮೂಲಿ ಟ್ರಯಲ್‌ನಲ್ಲಿ ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ನಟ್ಸ್ ಕೊಟ್ಟು ಇನ್ನೊಂದಕ್ಕೆ ಕೊಡದೆ ಕೊನೇಲಿ ಎರಡನ್ನೂ ಹೋಲಿಸ್ತಾರೆ. ಕ್ರಾಸ್‌ಓವರ್‌ನಲ್ಲಿ ಪ್ರತಿಯೊಬ್ಬರೂ ಎರಡೂ ಕಡೆ ಆಡ್ತಾರೆ. ಕಬಡ್ಡಿಲಿ ಹಾಫ್‌ಟೈಮ್ ಆದ್ಮೇಲೆ ಟೀಮ್‌ಗಳು ಕೋರ್ಟ್ ಬದಲಾಯಿಸ್ಕೊಳ್ಳೋ ಥರ: ಅರ್ಧ ಜನ ಮೊದಲ ನಾಲ್ಕು ವಾರ ನಟ್ಸ್ ಇರೋ ಊಟ, ಆಮೇಲೆ ನಾಲ್ಕು ವಾರ ನಟ್ಸ್ ಇಲ್ಲದ ಊಟ, ಉಳಿದ ಅರ್ಧ ಜನ ಇದರ ಉಲ್ಟಾ. ಯಾರು ಯಾವ ಕಡೆಯಿಂದ ಶುರು ಮಾಡ್ಬೇಕು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಲಾಟರಿಯಲ್ಲಿ ತೀರ್ಮಾನ ಮಾಡ್ತಾರೆ. ಎಲ್ಲರಿಗೂ ನಟ್ಸ್‌ನೇ ಮೊದಲು ಕೊಟ್ಬಿಟ್ರೆ, ಎರಡನೇ ತಿಂಗಳಲ್ಲಿ ಹಬ್ಬ ಬಂತು, ಚಳಿಗಾಲ ಬಂತು, ಜನಕ್ಕೆ ಬೇಜಾರಾಗಿ ಕದ್ದು ತಿನ್ನೋಕೆ ಶುರು ಮಾಡಿದ್ರು, ಇದೆಲ್ಲದರ ಪರಿಣಾಮವೂ ನಟ್ಸ್ ತಲೆ ಮೇಲೆ ಬಂದು ಕೂರುತ್ತೆ. ಕೊನೆಗೆ ಒಬ್ಬೊಬ್ಬರ ಎರಡು ನಂಬರ್‌ನ ಅವರವರದ್ದೇ ಜೊತೆ ಕಳೆದು ನೋಡ್ತಾರೆ, ಒಬ್ಬರದ್ದು ಹುಟ್ಟಾ 200, ಇನ್ನೊಬ್ಬರದ್ದು 150 ಅನ್ನೋ ಗಲಾಟೆನೇ ಇಲ್ಲ. ಕಡಿಮೆ ಜನ ಇದ್ರೂ ಚಿಕ್ಕ ವ್ಯತ್ಯಾಸ ಕಣ್ಣಿಗೆ ಬೀಳೋದು ಇದರಿಂದಾನೇ.

ಎಷ್ಟು ಕಡಿಮೆ ಜನ ಅಂದ್ರೆ, ನಟ್ಸ್ ವಿಷಯದಲ್ಲಿ ಪ್ರಪಂಚದ ಗಮನ ಸೆಳೆದ ಟ್ರಯಲ್‌ನಲ್ಲಿ ಇದ್ದಿದ್ದು ಬರೀ 18 ಗಂಡಸರು. ಕ್ಯಾಲಿಫೋರ್ನಿಯಾದ ಲೋಮ ಲಿಂಡಾ ಅನ್ನೋ ಊರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರ ಯೂನಿವರ್ಸಿಟಿ ಇದೆ. ಈ ಪಂಗಡದಲ್ಲಿ ಸಸ್ಯಾಹಾರಿಗಳು ಜಾಸ್ತಿ, ಸಿಗರೇಟು ಕುಡಿತ ದೂರ. ಅವರಲ್ಲೇ ಸುಮಾರು 31 ಸಾವಿರ ಜನರನ್ನ ವರ್ಷಗಟ್ಟಲೆ ಗಮನಿಸಿ ಗ್ಯಾರಿ ಫ್ರೇಸರ್ ಮತ್ತು ಜೊತೆಯವರು 1992ರಲ್ಲಿ ಬರೆದ್ರು, ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ನಟ್ಸ್ ತಿನ್ನೋರಲ್ಲಿ ಹಾರ್ಟ್ ಅಟ್ಯಾಕ್ ಹೆಚ್ಚುಕಡಿಮೆ ಅರ್ಧದಷ್ಟು ಅಂತ, ವಾರಕ್ಕೆ ಒಂದು ಸಲವೂ ತಿನ್ನದೇ ಇರೋರಿಗೆ ಹೋಲಿಸಿದ್ರೆ. ಆದ್ರೆ ಇದು ಬರೀ ಗಮನಿಸಿದ್ದು. ನಟ್ಸ್ ತಿನ್ನೋರು ಬೇರೆ ವಿಷಯದಲ್ಲೂ ಶಿಸ್ತಿನವರಾಗಿರ್ಬಹುದಲ್ವಾ. ಅದಕ್ಕೇ ಅದೇ ಊರಲ್ಲಿ ಜುವಾನ್ ಸಬಾತೆ ಅನ್ನೋರು ಆರೋಗ್ಯವಾಗಿದ್ದ 18 ಜನರಿಗೆ ಊಟ ಹಾಕಿ, ನಾಲ್ಕು ವಾರ ಅಕ್ರೋಟು ಇರೋ ಡಯಟ್, ನಾಲ್ಕು ವಾರ ಇಲ್ಲದ್ದು, ಹೀಗೆ ಕ್ರಾಸ್‌ಓವರ್ ಮಾಡಿ 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ರು. ಅಕ್ರೋಟಿನ ತಿಂಗಳಲ್ಲಿ ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತಕ್ಕೆ 18 ಮಿಲಿಗ್ರಾಂ ಕಮ್ಮಿ, ಅಂದ್ರೆ 16 ಪರ್ಸೆಂಟ್. ಆದ್ರೆ ಅವರು ತಿಂದಿದ್ದೆಷ್ಟು ಗೊತ್ತಾ? 2500 ಕ್ಯಾಲರಿ ಊಟಕ್ಕೆ 84 ಗ್ರಾಂ, ಅಂದ್ರೆ ಇಡೀ ಅಕ್ರೋಟು ದಿನಕ್ಕೆ ಇಪ್ಪತ್ತರ ಹತ್ತಿರ. ದುಡ್ಡು ಕೊಟ್ಟವರಲ್ಲಿ ಕ್ಯಾಲಿಫೋರ್ನಿಯಾದ ಅಕ್ರೋಟು ಬೆಳೆಗಾರರ ಮಂಡಳಿನೂ ಇತ್ತು, ಅದನ್ನೂ ಹೇಳ್ಬಿಡಬೇಕು.

ಇಲ್ಲಿ ಒಂದು ಅನುಮಾನ ಬರ್ಬೇಕು. ಮೊದಲ ತಿಂಗಳು ತಿಂದ ಅಕ್ರೋಟಿನ ಪರಿಣಾಮ ಎರಡನೇ ತಿಂಗಳಿಗೂ ಉಳ್ಕೊಂಡ್ರೆ? ಮೀನು ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದ್ರೆ ಹಪ್ಪಳಕ್ಕೂ ಮೀನಿನ ವಾಸನೆ, ಹಂಗೇ ಇದು. ಇದಕ್ಕೆ ಕ್ಯಾರಿಓವರ್ ಅಂತಾರೆ, ಎರಡು ಡಯಟ್ ಮಧ್ಯೆ ಬಾಣಲೆ ತೊಳೆಯೋಕೆ ಬಿಡೋ ಟೈಮಿಗೆ ವಾಷ್‌ಔಟ್ ಅಂತಾರೆ. ಕೊಲೆಸ್ಟ್ರಾಲ್ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ, ರಕ್ತದಲ್ಲಿರೋ ಎಲ್‌ಡಿಎಲ್ ಕಣಗಳು ಎರಡು ಮೂರು ದಿನದಲ್ಲಿ ಅರ್ಧ ಖಾಲಿಯಾಗಿ ಹೊಸದು ಬರುತ್ತೆ, ಊಟ ಬದಲಾಯಿಸಿದ ಮೂರು ನಾಲ್ಕು ವಾರಕ್ಕೆ ನಂಬರ್ ಹೊಸ ಜಾಗದಲ್ಲಿ ನಿಲ್ಲುತ್ತೆ. ಹಂಗಾಗಿ ಎರಡು ವಾರ ಗ್ಯಾಪ್ ಕೊಡ್ತಾರೆ, ಇಲ್ಲಾಂದ್ರೆ ಡಯಟ್‌ನೇ ಸಾಕಷ್ಟು ಉದ್ದ ಇಟ್ಟು ಕೊನೇ ದಿನಗಳ ರಕ್ತ ಮಾತ್ರ ತಗೊಳ್ತಾರೆ.

ಈಗ ನನಗೆ ತುಂಬಾ ಇಷ್ಟ ಆದ ಭಾಗ. ನಟ್ಸ್ ಇಲ್ಲದ ತಿಂಗಳಲ್ಲಿ ಏನು ತಿಂದ್ರು? ಇದಕ್ಕೆ ಕಂಟ್ರೋಲ್ ಡಯಟ್ ಅಂತ ಹೆಸರು, ಅರ್ಧ ಉತ್ತರ ಇಲ್ಲೇ ಅಡಗಿರುತ್ತೆ. ನಟ್ಸ್ ಅಂದ್ರೆ ಕ್ಯಾಲರಿ ಮೂಟೆ, ಅದನ್ನ ಸೇರಿಸಿದ್ರೆ ಇನ್ನೇನನ್ನೋ ತೆಗೀಬೇಕು, ಇಲ್ಲಾಂದ್ರೆ ತೂಕ ಏರುತ್ತೆ, ತೂಕ ಏರಿದ್ರೆ ಲೆಕ್ಕ ಕೆಡುತ್ತೆ. ಸಬಾತೆ ಟ್ರಯಲ್‌ನಲ್ಲಿ ಅಕ್ರೋಟು ಹಾಕೋಕೆ ಮಾಂಸ, ಬೆಣ್ಣೆ, ಮಾರ್ಗರಿನ್, ಎಣ್ಣೆ ಕಡಿಮೆ ಮಾಡಿದ್ರು. ಅಂದ್ಮೇಲೆ ಇಳಿದಿದ್ದು ಅಕ್ರೋಟು ಬಂದಿದ್ದಕ್ಕಾ, ಬೆಣ್ಣೆ ಹೋಗಿದ್ದಕ್ಕಾ? ಎರಡೂ. ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ಮಾಂಸದಲ್ಲಿರೋ ಥರದ್ದು) ಕಮ್ಮಿಯಾದ್ರೆ ಲಿವರ್ ರಕ್ತದಿಂದ ಎಲ್‌ಡಿಎಲ್‌ನ ಜಾಸ್ತಿ ಎಳ್ಕೊಳುತ್ತೆ, ಇತ್ತ ನಟ್ಸ್‌ನಲ್ಲಿರೋ, ಕೊಲೆಸ್ಟ್ರಾಲ್‌ನ ಹಾಗೇ ಇರೋ ಸ್ಟೆರಾಲ್‌ಗಳು ಕರುಳಲ್ಲಿ ಕೊಲೆಸ್ಟ್ರಾಲ್ ಜೊತೆ ಸೀಟಿಗೆ ಜಗಳ ಆಡಿ ಅದು ಒಳಗೆ ಹೋಗೋದನ್ನ ತಡೆಯುತ್ತೆ, ನಾರೂ ಸ್ವಲ್ಪ ಕೈ ಜೋಡಿಸುತ್ತೆ.

ಗೋಡಂಬಿ ಕಥೆ ನೋಡಿ. 2003ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ದಿನಕ್ಕೆ 42 ಗ್ರಾಂ ಆಸುಪಾಸು ನಟ್ಸ್ ಹೃದಯಕ್ಕೆ ಒಳ್ಳೇದಿರಬಹುದು, ಆದ್ರೆ ಸಾಬೀತಾಗಿಲ್ಲ ಅಂತ ಪ್ಯಾಕೆಟ್ ಮೇಲೆ ಬರ್ಕೊಳ್ಳೋಕೆ ಒಪ್ಪಿಗೆ ಕೊಡ್ತು, ಬಾದಾಮಿ, ಪಿಸ್ತಾ, ಅಕ್ರೋಟು, ಕಡಲೆಕಾಯಿ ಎಲ್ಲಾ ಪಟ್ಟಿಯಲ್ಲಿದ್ವು. ಹೌದು ಕಡಲೆಕಾಯಿ, ನಮ್ಮ ಉತ್ತರ ಕರ್ನಾಟಕದ ಶೇಂಗಾ, ಅದು ಬೇಳೆಕಾಳಿನ ಜಾತಿಗೆ ಸೇರಿದ್ರೂ. ಗೋಡಂಬಿಯಂಥ ಕೆಲವು ಮಾತ್ರ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಅಂತ ಹೊರಗೆ ಉಳಿದ್ವು. ಪುತ್ತೂರಲ್ಲಿ ಗೇರು ಸಂಶೋಧನೆಗೇ ಒಂದು ಕೇಂದ್ರ ಇಟ್ಕೊಂಡಿರೋ ನಮಗೆ ಬೇಜಾರಾಗೋ ವಿಷಯನೇ. ಆಮೇಲೆ ಅಮೆರಿಕದಲ್ಲೇ ಎರಡು ಕ್ರಾಸ್‌ಓವರ್ ಟ್ರಯಲ್ ಬಂದ್ವು. 2017ರದ್ದರಲ್ಲಿ 51 ಜನ, ಗೋಡಂಬಿ ತಿಂದ ತಿಂಗಳು ಎಲ್‌ಡಿಎಲ್ ಸುಮಾರು 5 ಪರ್ಸೆಂಟ್ ಇಳೀತು. 2019ರದ್ದರಲ್ಲಿ 42 ಜನ, ದಿನಕ್ಕೆ 42 ಗ್ರಾಂ, ಏನೂ ವ್ಯತ್ಯಾಸ ಇಲ್ಲ. ಯಾರು ಸುಳ್ಳು ಹೇಳ್ತಿದಾರೆ? ಯಾರೂ ಇಲ್ಲ. ಮೊದಲನೇದರಲ್ಲಿ ಗೋಡಂಬಿಗೆ ಎದುರಾಳಿ ಆಗಿ ಕೊಟ್ಟಿದ್ದು ಆಲೂಗಡ್ಡೆ ಚಿಪ್ಸ್! ಎರಡನೇದರಲ್ಲಿ ಗೋಡಂಬಿಗೆ ಜಾಗ ಮಾಡೋಕೆ ಇಡೀ ಊಟವನ್ನೇ ಎಲ್ಲಾ ಕಡೆಯಿಂದ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದ್ರು. ಎರಡು ಟ್ರಯಲ್ ಮಧ್ಯೆ ಬೇರೆ ವ್ಯತ್ಯಾಸಗಳೂ ಇರುತ್ತೆ, ಆದ್ರೂ ಚಿಪ್ಸ್ ಜೊತೆ ಕುಸ್ತಿಗೆ ಬಿಟ್ರೆ ಯಾವನಾದ್ರೂ ಪೈಲ್ವಾನ್ ಆಗ್ತಾನೆ ಅನ್ನೋದು ನನ್ನ ಅಭಿಪ್ರಾಯ. ಚೆನ್ನೈನಲ್ಲಿ ಸಕ್ಕರೆ ಕಾಯಿಲೆ ಇರೋ 300 ಜನರ ಮೇಲೆ, ಕ್ರಾಸ್‌ಓವರ್ ಅಲ್ಲದೆ ಎರಡು ಗುಂಪು ಮಾಡಿ, 12 ವಾರ ದಿನಕ್ಕೆ 30 ಗ್ರಾಂ ಗೋಡಂಬಿ ಕೊಟ್ಟು ನೋಡಿದ್ರು, 2018ರಲ್ಲಿ ರಿಸಲ್ಟ್ ಬಂತು: ಎಚ್‌ಡಿಎಲ್ ಸ್ವಲ್ಪ ಏರ್ತು, ಬಿಪಿಯ ಮೇಲಿನ ನಂಬರ್ ಸ್ವಲ್ಪ ಇಳೀತು, ಎಲ್‌ಡಿಎಲ್ ಅಲ್ಲಾಡ್ಲಿಲ್ಲ, ತೂಕವೂ ಏರ್ಲಿಲ್ಲ.

ಈ ವಿಧಾನಕ್ಕೆ ಆಗದ ಕೆಲಸ ಒಂದಿದೆ, ಹಾರ್ಟ್ ಅಟ್ಯಾಕ್ ಲೆಕ್ಕ ಹಾಕೋದು. ಕೊಲೆಸ್ಟ್ರಾಲ್ ಇಳಿದು ಮತ್ತೆ ಏರುತ್ತೆ, ಅಟ್ಯಾಕ್ ಆದ ಹೃದಯವನ್ನ ವಾಷ್‌ಔಟ್ ಮಾಡಿ ಎರಡನೇ ಹಾಫ್‌ಗೆ ಕಳಿಸೋಕಾಗುತ್ತಾ? ಅದಕ್ಕೆ ಬೇರೆ ಬೇರೆ ಗುಂಪೇ ಬೇಕು, ಸಾವಿರಾರು ಜನ, ವರ್ಷಗಳು. ಸ್ಪೇನ್‌ನ ಪ್ರೆಡಿಮೆಡ್ ಟ್ರಯಲ್ ಹಂಗಿತ್ತು, 7447 ಜನ, ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ (ಆಲಿವ್ ಎಣ್ಣೆ, ತರಕಾರಿ, ಮೀನು ಜಾಸ್ತಿ ಇರೋದು) ಜೊತೆ ದಿನಕ್ಕೆ 30 ಗ್ರಾಂ ನಟ್ಸ್, ಅದರಲ್ಲಿ ಅರ್ಧ ಅಕ್ರೋಟು, ಉಳಿದದ್ದು ಬಾದಾಮಿ ಮತ್ತು ಹೇಝಲ್‌ನಟ್. ಸುಮಾರು ಐದು ವರ್ಷಕ್ಕೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟು ಸೇರಿಸಿ 30 ಪರ್ಸೆಂಟ್ ಹತ್ತಿರ ಕಮ್ಮಿ, ಮುಖ್ಯವಾಗಿ ಸ್ಟ್ರೋಕ್‌ನಲ್ಲಿ. 2013ರಲ್ಲಿ ಪ್ರಕಟ ಆಗಿ, ಕೆಲವು ಕಡೆ ಲಾಟರಿ ಸರಿಯಾಗಿ ನಡೆದಿಲ್ಲ, ಒಂದೇ ಮನೆಯವರನ್ನ ಒಂದೇ ಗುಂಪಿಗೆ ಹಾಕಿದ್ದಾರೆ ಅಂತ ಗೊತ್ತಾಗಿ 2018ರಲ್ಲಿ ವಾಪಸ್ ತಗೊಂಡು, ಹೊಸದಾಗಿ ಲೆಕ್ಕ ಮಾಡಿ ಮತ್ತೆ ಹಾಕಿದ್ರು. ನಂಬರ್ ಹೆಚ್ಚು ಬದಲಾಗ್ಲಿಲ್ಲ, ಮಾತಿನ ಧಾಟಿ ಮೆತ್ತಗಾಯ್ತು.

ಇನ್ನೂ ಒಂದು ಗಣಿತ ನನ್ನ ತಲೆ ತಿಂತಿರುತ್ತೆ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆಗಳ ಟ್ರಯಲ್‌ಗಳಿಂದ ಗೊತ್ತಿರೋ ಹಾಗೆ ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದ್ರೆ ಹೃದಯ, ಸ್ಟ್ರೋಕ್ ತೊಂದರೆ ಐದನೇ ಒಂದು ಭಾಗ ಕಮ್ಮಿ ಆಗುತ್ತೆ. 61 ಟ್ರಯಲ್‌ಗಳನ್ನ ಒಟ್ಟು ಹಾಕಿ 2015ರಲ್ಲಿ ನೋಡಿದಾಗ 28 ಗ್ರಾಂ ನಟ್ಸ್‌ಗೆ ಎಲ್‌ಡಿಎಲ್ ಇಳಿದಿದ್ದು 5 ಮಿಲಿಗ್ರಾಂಗಿಂತ ಸ್ವಲ್ಪ ಕಮ್ಮಿ. ಈ ಎರಡನ್ನ ಪಕ್ಕದಲ್ಲಿಟ್ರೆ ಲಾಭ ಎರಡು ಮೂರು ಪರ್ಸೆಂಟ್ ಬರ್ಬೇಕು, ಅಡ್ವೆಂಟಿಸ್ಟರಲ್ಲಿ ಕಂಡ ಅರ್ಧಕ್ಕರ್ಧ ಎಲ್ಲಿಂದ ಬಂತು? ಒಂದೋ ನಟ್ಸ್ ಕೊಲೆಸ್ಟ್ರಾಲ್ ಬಿಟ್ಟು ಬೇರೆ ದಾರೀಲೂ ಕೆಲಸ ಮಾಡುತ್ತೆ, ಇಲ್ಲಾ ಆ ಜನಾನೇ ಬೇರೆ ಥರ. ನನಗೇನೋ ಎರಡೂ ಸ್ವಲ್ಪ ಸ್ವಲ್ಪ ಇರ್ಬೇಕು ಅನ್ಸುತ್ತೆ.

ಚಿಕ್ಕಪ್ಪನ ವಿಷಯಕ್ಕೆ ಬಂದ್ರೆ, ಹತ್ತು ಬಾದಾಮಿ ಅಂದ್ರೆ 12 ಗ್ರಾಂ. ಮೇಲಿನ ಲೆಕ್ಕದಲ್ಲಿ 2 ಮಿಲಿಗ್ರಾಂ ಇಳಿಸ್ಬಹುದು, 9 ಅಲ್ಲ. ಕ್ರಾಸ್‌ಓವರ್ ಮಾಡೋಣ, ನಾಲ್ಕು ವಾರ ಬಾದಾಮಿ ಬಿಡಿ, ಆಮೇಲೆ ನಾಲ್ಕು ವಾರ ಮೂವತ್ತೈದು ತಿನ್ನಿ, ಅದೇ ಲ್ಯಾಬು, ಅದೇ ಖಾಲಿ ಹೊಟ್ಟೆ, ಡಾಕ್ಟರ್ ಕೊಟ್ಟಿರೋ ಮಾತ್ರೆ ಇದ್ರೆ ಅದನ್ನ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ ಅಂದೆ. "ಮೂವತ್ತೈದಾ? ಬಾದಾಮಿ ರೇಟ್ ಗೊತ್ತೇನೋ ನಿಂಗೆ" ಅಂದ್ರು. ಸರಿ, ಮುಂಚೆ ಆ ಟೈಮಲ್ಲಿ ಏನು ತಿಂತಿದ್ರಿ ಅಂತ ಕೇಳಿದ್ದಕ್ಕೆ ಉತ್ತರ ಬಂದಿದ್ದು ಅಡುಗೆಮನೆಯಿಂದ, ಚಿಕ್ಕಮ್ಮನದ್ದು: "ಬೆಳಿಗ್ಗೆ ವಾಕಿಂಗ್ ಮುಗಿಸಿ ಹೋಟ್ಲಲ್ಲಿ ಎರಡು ಉದ್ದಿನವಡೆ ಬಾರಿಸ್ಕೊಂಡು ಬರ್ತಿದ್ರು, ಬಾದಾಮಿ ಶುರುವಾದ್ಮೇಲೆ ಅದು ನಿಂತಿದೆ."