ಹುಲ್ಲು ಕೊಯ್ಯುವ ಮುಂಚೆ ಒಮ್ಮೆ ನಡೆದು ನೋಡಿ

ಪುಣೆ ಜಿಲ್ಲೆಯ ಸುಪೆ ಹತ್ತಿರ ಇರುವ ಮಯೂರೇಶ್ವರ ಅಭಯಾರಣ್ಯದಲ್ಲಿ ಜಾಸ್ತಿ ಇರುವುದು ಹುಲ್ಲು ಮತ್ತು ಕುರುಚಲು. ಚಿಂಕಾರ ಅನ್ನುವ ಪುಟ್ಟ ಹುಲ್ಲೆಗಳ ಊರು ಅದು. ಮಳೆ ನಿಂತು ಹುಲ್ಲು ಒಣಗಿದ ಮೇಲೆ ಇಂಥ ಕಡೆ ಬೆಂಕಿ ರೇಖೆ ತೆಗೆಯುತ್ತಾರೆ. ಕಾಳ್ಗಿಚ್ಚು ಹರಡದ ಹಾಗೆ ಪಟ್ಟಿಯಾಗಿ ಹುಲ್ಲು ಕೊಯ್ದು ನೆಲ ಬೋಳು ಮಾಡುವುದು. ಬೇಕೇ ಬೇಕಾದ ಕೆಲಸ. ಪುಣೆ ಸುತ್ತ ಇದಕ್ಕೆ ಬರುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ನಮ್ಮವರೂ ಇರುತ್ತಾರೆ. ವನ್ಯಜೀವಿ ವೈದ್ಯನಾದ ನನಗೆ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಸಾಹೇಬ್ರ, ಹುಲ್ಲು ಕೊಯ್ಯೋ ಮಷೀನಿನ ಇಷ್ಟು ಗದ್ದಲಕ್ಕ ಹುಲ್ಲಾಗಿನ ಮರಿ ತಾವಾಗೇ ಓಡಿ ಹೋಗ್ತಾವಲ್ರಿ?"

ಓಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಎಳೆಯ ಚಿಂಕಾರ ಮರಿ ಅಪಾಯ ಕಂಡರೆ ಕುತ್ತಿಗೆಯನ್ನು ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಮಡಚಿ, ಮಿಸುಕದೆ ಮಲಗಿಬಿಡುತ್ತದೆ. ಒಣಹುಲ್ಲಿನದೇ ಬಣ್ಣ. ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಮೈವಾಸನೆಯೂ ಕಡಿಮೆ. ನರಿಯಿಂದ ತಪ್ಪಿಸಿಕೊಳ್ಳಲು ಇದು ಸಾಕು, ಮಷೀನಿನ ಬ್ಲೇಡಿನ ಮುಂದೆ ನಡೆಯುವುದಿಲ್ಲ. ಮೊಲದ ಮರಿಯದೂ ಇದೇ ಕಥೆ.

ಅದಕ್ಕೇ ಮಷೀನು ಶುರುವಾಗುವ ಮುಂಚೆ ಜನ ಸಾಲಾಗಿ, ಕೋಲಿನಿಂದ ಹುಲ್ಲು ಮೆಲ್ಲಗೆ ಸರಿಸುತ್ತಾ ನಡೆಯಬೇಕು. ಅದೂ ಅವತ್ತೇ ಬೆಳಿಗ್ಗೆ. ನಿನ್ನೆ ನೋಡಿದ್ದು ಲೆಕ್ಕಕ್ಕಿಲ್ಲ, ಮರಿ ರಾತ್ರಿಯಲ್ಲಿ ಜಾಗ ಬದಲಿಸಿರುತ್ತದೆ.

ಕೊಯ್ಯುವ ದಿಕ್ಕೂ ಮುಖ್ಯ. ಅಂಚಿನಿಂದ ಸುತ್ತು ಹಾಕುತ್ತಾ ಒಳಗೆ ಬಂದರೆ ಪ್ರಾಣಿಗಳೆಲ್ಲ ನಡುವಿನ ಚೂರು ಹುಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಒಂದು ಬದಿಯಿಂದ ಶುರು ಮಾಡಿ ನಿಂತ ಹುಲ್ಲಿನ ಕಡೆಗೆ ಸಾಗಿದರೆ ಓಡಬಲ್ಲವು ಓಡಿ ಪಾರಾಗುತ್ತವೆ. ಇಳಿಜಾರಿನಲ್ಲಿ ಜೆಸಿಬಿ ಇಳಿಸುವ ಮುಂಚೆ ಬಿಲಗಳನ್ನೂ ನೋಡಿ. ಬಾಯಲ್ಲಿ ಹೊಸ ಮಣ್ಣು, ಹೆಜ್ಜೆ ಗುರುತು, ಸುತ್ತ ಎಲುಬಿನ ಚೂರು ಇದ್ದರೆ ಒಳಗೆ ತೋಳದ ಮರಿ ಇರಬಹುದು. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಮಾರ್ಚ್‌ನಿಂದ ಅದರ ಕಾಲ, ಹಾಗಾಗಿ ನೆಲದ ಕೆಲಸ ಫೆಬ್ರವರಿಯೊಳಗೆ ಮುಗಿದರೆ ಒಳ್ಳೆಯದು.

ಮರಿ ಸಿಕ್ಕಿತು ಅಂದುಕೊಳ್ಳಿ. ದಯವಿಟ್ಟು ಎತ್ತಬೇಡಿ. ಒಂಟಿಯಾಗಿದೆ ಅಂದರೆ ತಬ್ಬಲಿ ಅಂತಲ್ಲ. ತಾಯಿ ದೂರದಲ್ಲಿ ಮೇಯುತ್ತಿರುತ್ತದೆ, ಹಾಲು ಕೊಡಲು ಬಂದೇ ಬರುತ್ತದೆ. ಮನುಷ್ಯ ಮುಟ್ಟಿದ ಮಾತ್ರಕ್ಕೆ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದೂ ಅಷ್ಟು ನಿಜವಲ್ಲ. ಆದರೆ ಹತ್ತು ಜನ ಮೊಬೈಲು ಹಿಡಿದು ಸುತ್ತ ನಿಂತರೆ ಅದು ಹೇಗೆ ತಾನೇ ಬಂದೀತು? ಅಷ್ಟು ಹುಲ್ಲನ್ನು ಹಾಗೇ ಬಿಟ್ಟು ದೂರ ಹೋಗಿ. ಪಾಪ ಅಂತ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತುತ್ತದೆ, ಇಲ್ಲವೇ ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ಮನೆಗೆ ಒಯ್ಯುವುದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಹೇಳಿದರೂ, ಕೆಲಸ ನಿಲ್ಲಿಸಿದರೆ ಕೂಲಿ ಕಟ್ ಆಗುವ ಕಡೆ ಯಾರೂ ಮರಿ ಕಂಡೆ ಅಂತ ಬಾಯಿ ಬಿಡುವುದಿಲ್ಲ. ತಪ್ಪು ಅವರದಲ್ಲ. ಅದಕ್ಕೇ ಗುತ್ತಿಗೆಯ ದರದಲ್ಲೇ ಮಷೀನು ನಿಂತ ಹೊತ್ತಿನ ದುಡ್ಡನ್ನೂ ಸೇರಿಸಿ ಅಂತ ಕೆಲಸ ಕೊಡುವವರನ್ನು ಪ್ರತಿ ಸಲ ಕೇಳುತ್ತೇನೆ.