ಡಿಶ್‌ವಾಷರ್ ಆಮೇಲೆ ಬರುತ್ತದೆ. ಅಡುಗೆಮನೆಯಲ್ಲಿ ಈಗಲೇ ಏನು ಮಾಡಿಸಿಡಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಅಡುಗೆಮನೆಗೆ ಇನ್ನೂ ಗ್ರಾನೈಟ್ ಕೂರಿಸಿಲ್ಲ. ಡಿಶ್‌ವಾಷರ್ ಮುಂದಿನ ವರ್ಷ ಕೊಳ್ಳುವ ಯೋಚನೆ. ಯಾವ ಯಾವ ಪಾಯಿಂಟ್ ಬಿಡಿಸಬೇಕು?

ಉತ್ತರ: ಸಿಂಕಿಗೆ ಹೊಂದಿಕೊಂಡ ಜಾಗವನ್ನೇ ಮೀಸಲಿಡಿ. ಯಂತ್ರದ ಜೊತೆ ಬರುವ ನೀರಿನ ಹೋಸು, ಡ್ರೈನ್ ಹೋಸು ಎರಡೂ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು ಉದ್ದ ಇರುತ್ತವೆ. ದೂರ ಹೆಚ್ಚಾದಷ್ಟೂ ಜೋಡಣೆಗಳು ಹೆಚ್ಚು, ಸೋರುವ ಕಡೆಗಳೂ ಹೆಚ್ಚು.

ದೊಡ್ಡ ಯಂತ್ರದ ಅಗಲ 60 ಸೆಂ.ಮೀ., ಆಳ 60, ಎತ್ತರ 85. ಮೇಲಿನ ಹಲಗೆ ತೆಗೆಯಲು ಬರುವ ಮಾದರಿಗಳಾದರೆ ಎತ್ತರ ಸುಮಾರು 82ಕ್ಕೆ ಇಳಿಯುತ್ತದೆ. ಎರಡು ಕಡಪ ಕಲ್ಲುಗಳ ನಡುವೆ ಒಳಅಳತೆ 61 ಸೆಂ.ಮೀ. ಸಿಗಲಿ. ಎಡವುವುದು ಹೆಚ್ಚಾಗಿ ಎತ್ತರದಲ್ಲಿ. ಕಟ್ಟೆಯ ಕೆಳಗೆ ನೆಲವನ್ನು ಮೂರು-ನಾಲ್ಕು ಇಂಚು ಎತ್ತರಿಸುವ ರೂಢಿ ನಮ್ಮಲ್ಲಿದೆ. ಯಂತ್ರ ಕೂರುವ ಕಡೆ ಅದು ಬೇಡ, ಟೈಲ್ಸ್ ಗೋಡೆಯವರೆಗೂ ಒಂದೇ ಮಟ್ಟದಲ್ಲಿ ಹೋಗಲಿ. ಗ್ರಾನೈಟ್ ಅಂಚಿಗೆ ಕೆಳಗಿನಿಂದ ಅಂಟಿಸುವ ಪಟ್ಟಿಯೂ ಎರಡು ಸೆಂ.ಮೀ.ನಷ್ಟು ನುಂಗುತ್ತದೆ. ಹಾಗಾಗಿ ಟೈಲ್ಸ್ ಮೇಲಿನಿಂದ ಆ ಪಟ್ಟಿಯ ತಳದವರೆಗೆ ಅಳೆಯಿರಿ; 86 ಸೆಂ.ಮೀ. ಸಿಕ್ಕರೆ ಯಾವ ಮಾದರಿಯಾದರೂ ಸೈ. ಬಾಗಿಲು ಮುಂದಕ್ಕೆ ಬೀಳುವುದರಿಂದ ಎದುರಿಗೆ ಇನ್ನೂ 60 ಸೆಂ.ಮೀ. ಖಾಲಿ ಇರಬೇಕು, ನಿಲ್ಲಲು ಜಾಗ ಬೇರೆ.

ಎಲ್ಲರೂ ಮರೆಯುವುದು ಡ್ರೈನ್. ಹೋಸನ್ನು ನೆಲದ ನಹಾನಿ ಟ್ರ್ಯಾಪಿಗೆ (ನೀರು ಹೋಗುವ ಜಾಲರಿ ಕಿಂಡಿಗೆ) ಇಳಿಬಿಟ್ಟರೆ, ಕೆಲವು ಯಂತ್ರಗಳಲ್ಲಿ ಒಳಗಿನ ನೀರು ತೊಳೆಯುವ ಮೊದಲೇ ತಾನಾಗಿ ಹರಿದುಹೋಗುತ್ತದೆ. ಯಂತ್ರ ಮತ್ತೆ ಮತ್ತೆ ನೀರು ತುಂಬಿಸಿಕೊಂಡು ಕೊನೆಗೆ ಎರರ್ ತೋರಿಸಿ ನಿಲ್ಲುತ್ತದೆ. ಹೋಸು ಒಂದು ಕಡೆಯಾದರೂ ನೆಲದಿಂದ ಕನಿಷ್ಠ 40 ಸೆಂ.ಮೀ. ಮೇಲೇರಿ ಬಾಗಬೇಕು, ಒಂದು ಮೀಟರ್ ಮೀರಬಾರದು. ಸಿಂಕಿನ ಕೆಳಗೆ ಹೋಸು ಸಿಕ್ಕಿಸುವ ಮೂತಿ ಇರುವ ಬಾಟಲ್ ಟ್ರ್ಯಾಪ್ (ವಾಸನೆ ತಡೆಯುವ, ಬಾಟಲಿಯಾಕಾರದ ಡ್ರೈನ್ ಜೋಡಣೆ) ಹಾಕಿಸಿ, ಕ್ಲಿಪ್ ಬಿಗಿಸಿದರೆ ಮುಗಿಯಿತು. ಆ ಮೂತಿಯನ್ನು ಮುಚ್ಚಿರುವ ಪ್ಲಾಸ್ಟಿಕ್ ಪದರ ಕತ್ತರಿಸದೆ ಹೋಸು ಸಿಕ್ಕಿಸಿ ‘ನೀರು ಹೋಗ್ತಿಲ್ಲ’ ಎನ್ನುವವರೂ ಇದ್ದಾರೆ.

ನೀರಿಗೆ ಮುಕ್ಕಾಲು ಇಂಚಿನ ಥ್ರೆಡ್ ಇರುವ, ವಾಷಿಂಗ್ ಮಷೀನಿನದೇ ನಲ್ಲಿ ಸಾಕು. ಅದನ್ನು ಸಿಂಕಿನ ಕೆಳಗೇ, ಕೈಗೆಟುಕುವಂತೆ ಇಡಿಸಿ. ಯಂತ್ರಗಳು ಕೇಳುವ ಕನಿಷ್ಠ ಒತ್ತಡ ಸಾಮಾನ್ಯವಾಗಿ 0.3ರಿಂದ 0.5 ಬಾರ್; ಅರ್ಧ ಬಾರ್ ಎಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಐದು ಮೀಟರ್ ಮೇಲಿರಬೇಕು. ಮೇಲಿನ ಮಹಡಿಯ ಮನೆಗೆ ಇದು ಸಿಗುವುದು ಕಷ್ಟ, ಪ್ರೆಷರ್ ಪಂಪ್ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸೋಲಾರ್ ಬಿಸಿನೀರಿನ ಲೈನಿಗೆ ಜೋಡಿಸಬೇಡಿ: ಯಂತ್ರದ ಮಿತಿ ಹೆಚ್ಚಾಗಿ 60 ಡಿಗ್ರಿ, ಬೇಸಿಗೆಯಲ್ಲಿ ಸೋಲಾರ್ ನೀರು ಅದನ್ನು ದಾಟುತ್ತದೆ.

ಕರೆಂಟಿಗೆ ಅರ್ತಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್, ಅದಕ್ಕೇ ಪ್ರತ್ಯೇಕ ಲೈನ್ ಮತ್ತು ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್). ನೀರು ಕಾಯಿಸುವಾಗ ಯಂತ್ರ ಎರಡು ಸಾವಿರ ವ್ಯಾಟ್ ಆಸುಪಾಸು ಎಳೆಯುತ್ತದೆ. ಓವನ್ ಜೊತೆ ಒಂದೇ ಲೈನ್ ಹಂಚಿಕೊಂಡರೆ ಟ್ರಿಪ್ ಆಗುತ್ತದೆ. ಸಾಕೆಟ್ ಯಂತ್ರದ ಹಿಂದೆ ಬೇಡ, ಪಕ್ಕದ ಕಪಾಟಿನಲ್ಲಿ ನೀರು ತಾಗದ ಎತ್ತರದಲ್ಲಿರಲಿ.

ಬೋರ್‌ವೆಲ್ ನೀರಾದರೆ ಗಡಸುತನ ಪರೀಕ್ಷಿಸಿ. ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿರುವ ಒಟ್ಟು ಲವಣ, ಗಡಸುತನವಲ್ಲ; ಅದಕ್ಕೆ ನೀರಿನಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿ ಬೇರೆ ಸಿಗುತ್ತದೆ. ಅದು ತೋರಿಸುವ ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಲೆಕ್ಕವನ್ನು 17.8ರಿಂದ ಭಾಗಿಸಿದರೆ ಯಂತ್ರದ ಪುಸ್ತಕದಲ್ಲಿರುವ ಜರ್ಮನ್ ಡಿಗ್ರಿ ಬರುತ್ತದೆ: 356 ಇದ್ದರೆ 20. ಗಡಸು ನೀರನ್ನು ಮೆದುಗೊಳಿಸಲು ಯಂತ್ರ ಡಿಶ್‌ವಾಷರ್ ಉಪ್ಪು ಬಳಸುತ್ತದೆ; ಆ ಉಪ್ಪಿನ ಸೆಟ್ಟಿಂಗ್ ಗಡಸುತನಕ್ಕೆ ತಕ್ಕಂತೆ ಇಡದಿದ್ದರೆ ಗಾಜಿನ ಲೋಟಗಳ ಮೇಲೆ ಬಿಳಿ ಪೊರೆ ಕೂರುತ್ತದೆ. ಅದರ ಬದಲು ಅಡುಗೆ ಉಪ್ಪು ಸುರಿಯಲೇಬೇಡಿ.

ಯಂತ್ರ ಬರುವವರೆಗೆ ಆ ಜಾಗದಲ್ಲಿ ಬಿಡಿ ಶೆಲ್ಫೋ ಟ್ರಾಲಿಯೋ ಇಟ್ಟುಕೊಳ್ಳಿ. ಕಾರ್ಪೆಂಟರ್ ಅಲ್ಲಿ ಏನನ್ನೂ ಮೊಳೆ ಹೊಡೆದು ಕೂರಿಸದಿರಲಿ. ಅಕ್ಕಪಕ್ಕದ ಪ್ಲೈವುಡ್ಡಿನ ಅಂಚುಗಳನ್ನು ಮಾತ್ರ ಪೂರ್ತಿ ಸೀಲ್ ಮಾಡಿಸಿ, ಬಾಗಿಲು ತೆರೆದಾಗ ನುಗ್ಗುವ ಹಬೆಗೆ ಮೊದಲು ಉಬ್ಬುವುದು ಅವೇ.