ಸ್ಪೀಡ್ ಸೆನ್ಸರ್ ಕೆಟ್ಟಿದೆಯಾ, ವೈರು ಕೆಟ್ಟಿದೆಯಾ? ಬಿಚ್ಚುವ ಮೊದಲು ಓದಿಕೊಳ್ಳಬೇಕಾದ ಟಿಪ್ಪಣಿ

ಈ ಪಾಠದಲ್ಲಿ ನಾನು ಎಡವಿದ್ದು ಮೊದಲ ಹೆಜ್ಜೆಯಲ್ಲೇ. ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸಿ ದೋಷದ ಕೋಡ್ ಓದುವ ಸಾಧನ) ಪಿ0500 ಅಂತ ಕೋಡ್ ಬಂದರೆ ಸ್ಪೀಡ್ ಸೆನ್ಸರ್ ಹೋಗಿದೆ ಅಂತಲೇ ತಿಳಿದಿದ್ದೆ. ಹಾಗಲ್ಲ. ವೇಗದ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಅಂತ ಮಾತ್ರ ಆ ಕೋಡ್ ಹೇಳುತ್ತದೆ. ಸೆನ್ಸರ್, ಕನೆಕ್ಟರ್, ವೈರು, ಗೇರ್‌ಬಾಕ್ಸ್ ಒಳಗಿನ ಹಲ್ಲು, ಇವುಗಳಲ್ಲಿ ಯಾವುದು ಕೆಟ್ಟರೂ ಅದೇ ಕೋಡ್ ಬರಬಹುದು. ಅದಕ್ಕೇ ಇಲ್ಲಿ ಬಿಚ್ಚುವ ಕೆಲಸಕ್ಕಿಂತ ಹುಡುಕುವ ಕೆಲಸದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಸೆನ್ಸರ್ ಕೂತಿರುವುದು ಸಾಮಾನ್ಯವಾಗಿ ಗೇರ್‌ಬಾಕ್ಸ್ ಮೇಲೆ, ಚಕ್ರಗಳ ಕಡೆಗೆ ಶಕ್ತಿ ಹೋಗುವ ಜಾಗದಲ್ಲಿ. ಒಳಗಿನ ಶಾಫ್ಟು ತಿರುಗಿದ ಹಾಗೆ ಅದು ಒಂದೊಂದೇ ಪಲ್ಸ್ ಕಳಿಸುತ್ತದೆ. ಆ ಪಲ್ಸ್ ಎಷ್ಟು ಬೇಗ ಬರುತ್ತಿವೆ ಅಂತ ಲೆಕ್ಕ ಹಾಕಿ ಗಾಡಿಯ ಕಂಪ್ಯೂಟರ್ ವೇಗ ತಿಳಿಯುತ್ತದೆ. ಈ ಸಿಗ್ನಲ್ ತಪ್ಪಿದರೆ ಸ್ಪೀಡೋಮೀಟರ್ ಮುಳ್ಳು ಸತ್ತು ಬೀಳುತ್ತದೆ ಅಥವಾ ಕುಣಿಯುತ್ತದೆ. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಕೆಲಸ ಮಾಡುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ತಡವಾಗಿ, ಜರ್ಕ್ ಹೊಡೆದು ಬೀಳುತ್ತದೆ. ಒಂದು ಮಾತು: ಅನೇಕ ಹೊಸ ಕಾರುಗಳಲ್ಲಿ ಈ ಸೆನ್ಸರ್ ಬೇರೆಯಾಗಿ ಇರುವುದೇ ಇಲ್ಲ, ವೇಗದ ಲೆಕ್ಕ ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರದ ಸೆನ್ಸರ್‌ಗಳಿಂದಲೇ ಬರುತ್ತದೆ. ಇಲ್ಲದ ಸೆನ್ಸರನ್ನು ಗಾಡಿ ಕೆಳಗೆ ಮಲಗಿ ಹುಡುಕಬೇಡಿ, ಮೊದಲು ಸರ್ವಿಸ್ ಮ್ಯಾನ್ಯುಯಲ್ ನೋಡಿ.

ಮೊದಲ ಪರೀಕ್ಷೆಗೆ ಪಾನಾ ಬೇಡ. ಸ್ಕ್ಯಾನರ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ನಿಧಾನವಾಗಿ ಓಡಿಸಿ. ಲೈವ್ ಡೇಟಾದಲ್ಲಿ, ಅಂದರೆ ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳಲ್ಲಿ, ಬರುವ ವೇಗವನ್ನು ಅವರು ಮೊಬೈಲ್ ಜಿಪಿಎಸ್ ವೇಗದ ಜೊತೆ ಹೋಲಿಸಿ ನೋಡಲಿ. ಸ್ಕ್ಯಾನರ್‌ನಲ್ಲಿ 40 ಸರಿಯಾಗಿ ಬರುತ್ತಿದ್ದು ಮುಳ್ಳು ಮಾತ್ರ ಸೊನ್ನೆಯಲ್ಲಿದ್ದರೆ, ಸೆನ್ಸರ್ ಮೇಲೆ ಅನುಮಾನ ಬೇಡ. ತೊಂದರೆ ಸ್ಪೀಡೋಮೀಟರ್ ಕಡೆ ಇದೆ.

ಆಮೇಲೆ ಕನೆಕ್ಟರ್. ನಾನು ಬಿಚ್ಚಿದ ಒಂದರಲ್ಲಿ ಹೊರಗೆ ಎಲ್ಲ ಸರಿಯಾಗೇ ಇತ್ತು. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಮಧ್ಯದ ಪಿನ್ನಿನ ಬುಡದಲ್ಲಿ ಹಸಿರು ಪುಡಿ, ಪಾಚಿ ಕಟ್ಟಿದ ಹಾಗೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿದ ಮೇಲೆ ಅದೇ ಹಳೆಯ ಸೆನ್ಸರ್ ಸರಿಯಾಗಿ ಓದತೊಡಗಿತು. ವೈರು ಬ್ರ್ಯಾಕೆಟ್ಟಿಗೆ ಉಜ್ಜಿ ಸವೆದಿರುವ ಜಾಗವನ್ನೂ ಬೆರಳಾಡಿಸಿ ಹುಡುಕಿ.

ಈಗ ಮಲ್ಟಿಮೀಟರ್. ಇಲ್ಲಿ ಸೆನ್ಸರ್ ಯಾವ ಜಾತಿ ಅಂತ ಗೊತ್ತಿರಬೇಕು. ಸಾಮಾನ್ಯವಾಗಿ 2 ವೈರಿನದು ಮ್ಯಾಗ್ನೆಟಿಕ್. ಒಳಗೆ ಆಯಸ್ಕಾಂತ, ಸುತ್ತ ಕಾಯಿಲ್ ಇರುವುದರಿಂದ ಕರೆಂಟನ್ನು ತಾನೇ ಹುಟ್ಟಿಸುತ್ತದೆ. 3 ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಬಲ ಬದಲಾಗುವುದನ್ನು ಗುರುತಿಸುವ ಎಲೆಕ್ಟ್ರಾನಿಕ್ ಸೆನ್ಸರ್. ಅದಕ್ಕೆ ಹೊರಗಿನಿಂದ 5 ಅಥವಾ 12 ವೋಲ್ಟ್ ಸಪ್ಲೈ ಬೇಕು, ಒಂದು ಅರ್ತ್ ಬೇಕು, ಉಳಿದದ್ದು ಸಿಗ್ನಲ್.

ಮ್ಯಾಗ್ನೆಟಿಕ್ ಸೆನ್ಸರಿನ ಕನೆಕ್ಟರ್ ಬಿಡಿಸಿ ಓಮ್ಸ್ (ವಿದ್ಯುತ್ ರೋಧ) ಅಳೆಯಬಹುದು. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿಗೆ ಹತ್ತಿರ ಇರಬೇಕು. ಮೀಟರ್ ಓಪನ್ (ಎಲ್ಲೂ ಸಂಪರ್ಕ ಇಲ್ಲ) ಅಂತ ತೋರಿಸಿದರೆ ಒಳಗಿನ ಕಾಯಿಲ್ ತುಂಡಾಗಿದೆ. ಹಾಲ್ ಸೆನ್ಸರ್‌ಗೆ ಈ ಓಮ್ಸ್ ಪರೀಕ್ಷೆ ಉಪಯೋಗವಿಲ್ಲ, ಯಾಕಂದ್ರೆ ಅದರೊಳಗೆ ಇರುವುದು ಎಲೆಕ್ಟ್ರಾನಿಕ್ಸ್. ಅದಕ್ಕೆ ಇಗ್ನಿಷನ್ ಆನ್ ಮಾಡಿ ಮೊದಲು ಸಪ್ಲೈ ಮತ್ತು ಅರ್ತ್ ನೋಡಿ. ಇವೇ ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ ಅಲ್ವಾ?

ಎರಡೂ ಇದ್ದರೆ ಚಕ್ರ ತಿರುಗಿಸಿ ಸಿಗ್ನಲ್ ನೋಡಬೇಕು. ಮುಂದಿನ ಚಕ್ರ ಎಳೆಯುವ ಕಾರಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಒಂದು ಚಕ್ರ ಎತ್ತಿ. ಜಾಕ್ ಎತ್ತುವುದಕ್ಕೆ ಮಾತ್ರ, ಭಾರ ಹೊರಬೇಕಾದದ್ದು ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಲೇಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಆಟೋಮ್ಯಾಟಿಕ್ ಗಾಡಿ ಪಾರ್ಕ್‌ನಲ್ಲಿದ್ದರೆ ಶಾಫ್ಟು ಲಾಕ್ ಆಗಿರುತ್ತದೆ. ಇಂಜಿನ್ ಸ್ಟಾರ್ಟ್ ಮಾಡಬೇಡಿ (ಹಾಲ್ ಸೆನ್ಸರ್‌ಗಾದರೆ ಇಗ್ನಿಷನ್ ಮಾತ್ರ ಆನ್ ಇರಲಿ), ಚಕ್ರವನ್ನು ಕೈಯಲ್ಲೇ ತಿರುಗಿಸಿ. ಹಾಲ್ ಸೆನ್ಸರ್ ಕನೆಕ್ಟರನ್ನು ಹಾಕಿಟ್ಟುಕೊಂಡೇ ಹಿಂದಿನಿಂದ ಪ್ರೋಬ್ (ಮೀಟರಿನ ಮೊನೆ ಕಡ್ಡಿ) ಚುಚ್ಚಿ ಅಳೆಯಬೇಕು, ಯಾಕಂದ್ರೆ ತುಂಬ ಗಾಡಿಗಳಲ್ಲಿ ಸಿಗ್ನಲ್ ವೈರಿಗೆ ವೋಲ್ಟೇಜ್ ಕೊಡುವುದು ಕಂಪ್ಯೂಟರ್. ಸೆನ್ಸರ್ ಅದನ್ನು ಕೆಳಗೆ ಎಳೆದು ಬಿಡುತ್ತದೆ ಅಷ್ಟೇ. ಚಕ್ರ ನಿಧಾನವಾಗಿ ತಿರುಗಿದಂತೆ ಓದು ಸೊನ್ನೆಯ ಹತ್ತಿರಕ್ಕೆ ಇಳಿದು ಮತ್ತೆ ಮೇಲೇರಬೇಕು. ಮ್ಯಾಗ್ನೆಟಿಕ್ ಆದರೆ ಮೀಟರನ್ನು ಎಸಿ ವೋಲ್ಟ್‌ಗೆ ಇಡಿ. ಜೋರಾಗಿ ತಿರುಗಿಸಿದಷ್ಟೂ ಅಂಕಿ ಏರಬೇಕು.

ಇಷ್ಟೆಲ್ಲ ನೋಡಿದ ಮೇಲೂ ಸಿಗ್ನಲ್ ಇಲ್ಲ ಅಂದರೆ ಸೆನ್ಸರ್ ಬಿಚ್ಚಿ. ಇಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತೆಗೆದಿರಲಿ. ಸುತ್ತಲಿನ ಮಣ್ಣನ್ನು ಮೊದಲೇ ಒರೆಸಿ, ಇಲ್ಲದಿದ್ದರೆ ಅದು ಗೇರ್‌ಬಾಕ್ಸ್ ಒಳಗೆ ಬೀಳುತ್ತದೆ. ತುಂಬ ಗಾಡಿಗಳಲ್ಲಿ ಒಂದೇ ಬೋಲ್ಟು. ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಆ ಕಡೆ ಈ ಕಡೆ ತಿರುವುತ್ತಾ ಎಳೆಯಿರಿ. ಸ್ವಲ್ಪ ಆಯಿಲ್ ಸೋರಬಹುದು, ಕೆಳಗೆ ತಟ್ಟೆ ಇಡಿ.

ಹೊರಬಂದ ಸೆನ್ಸರ್‌ನ ತುದಿ ನೋಡದೆ ಎಸೆಯಬೇಡಿ. ತುದಿಯಲ್ಲಿ ಕಬ್ಬಿಣದ ಪುಡಿ ಮೀಸೆಯ ಹಾಗೆ ಮೆತ್ತಿಕೊಂಡಿದ್ದರೆ ಅದೇ ಸಿಗ್ನಲ್ ಕೆಡಿಸಿರಬಹುದು. ಒರೆಸಿ ವಾಪಸ್ ಹಾಕಿ ನೋಡಿ. ತುದಿಯಲ್ಲಿ ಪ್ಲಾಸ್ಟಿಕ್ ಗೇರ್ ಇರುವ ಸೆನ್ಸರ್ ಆದರೆ ಅದರ ಹಲ್ಲು ಸವೆದಿದೆಯಾ ನೋಡಿ.

ಹೊಸದರ ಓ-ರಿಂಗಿಗೆ ಗೇರ್‌ಬಾಕ್ಸಿಗೆ ಹಾಕುವ ಆಯಿಲನ್ನೇ ತೆಳ್ಳಗೆ ಸವರಿ, ನೇರವಾಗಿ ಕೂರಿಸಿ. ಬೋಲ್ಟನ್ನು ಮೊದಲು ಕೈಯಿಂದಲೇ ಏರಿಸಿ. ಗೇರ್‌ಬಾಕ್ಸ್ ಅಲ್ಯೂಮಿನಿಯಂನದಾದರೆ ಜೋರು ಮಾಡಿ ಬಿಗಿದರೆ ಒಳಗಿನ ಥ್ರೆಡ್ ಹಾಳಾಗುತ್ತದೆ. ಆಯಿಲ್ ಮಟ್ಟ ನೋಡಿ, ಕೋಡ್ ಅಳಿಸಿ. ಅನೇಕ ಗಾಡಿಗಳಲ್ಲಿ ತೊಂದರೆ ಇದ್ದರೂ ಚೆಕ್ ಇಂಜಿನ್ ದೀಪ ಹತ್ತುವುದಕ್ಕೆ ಎರಡು ಸಲದ ಓಟ ಬೇಕು. ಮೊದಲ ಸುತ್ತಿಗೇ ಕೆಲಸ ಮುಗಿಯಿತು ಅನ್ನಬೇಡಿ, ಮಾರನೇ ದಿನವೂ ಓಡಿಸಿ ಲೈವ್ ಡೇಟಾ ನೋಡಿ.